ವ್ಯಾಂಕೂವರ್‌ನ ಚೈನಾಟೌನ್ ಅನ್ನು ಕಟ್ಟಿದವರು ಯಾರು? ಕೇ ಆಂಡರ್ಸನ್ ಅವರ ಸಂಶೋಧನೆಯ ಕುರಿತು ಒಂದು ಚರ್ಚೆ

ಪೇಟೆಬೀದಿ:

ಆಸ್ಟ್ರೇಲಿಯಾದ ಭೂಗೋಳ ವಿದ್ವಾಂಸೆ ಕೇ ಆಂಡರ್ಸನ್ ಅವರು ಕೆನಡಾದ ವ್ಯಾಂಕೂವರ್ ನಗರದ ಚೀನೀ ಕೇರಿಯ ಮೇಲೆ ನಡೆಸಿದ ಸಂಶೋಧನೆಯನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗಾಗಿ ಆರಂಭವಾದ ಈ ಕೆಲಸ 1987ರಲ್ಲಿ ಲೇಖನವಾಗಿಯೂ 1991ರಲ್ಲಿ ಪುಸ್ತಕವಾಗಿಯೂ ಹೊರಬಂದಿತು. ಅದಕ್ಕೂ ಮೊದಲು ಚೈನಾಟೌನ್‌ಗಳ ಬಗ್ಗೆ ಬರೆದವರಲ್ಲಿ ಬಹುಪಾಲು ಜನ, ಭಾಷೆ ಊಟ ಬಂಧುತ್ವಗಳ ಸೆಳೆತದಿಂದ ವಲಸಿಗರು ಒಂದೆಡೆ ನೆಲೆಸುತ್ತಾರೆ, ಆದ್ದರಿಂದ ಅಂಥ ಕೇರಿ ಅವರದೇ ಸೃಷ್ಟಿ ಎಂದು ನಂಬಿದ್ದರು. ಆಂಡರ್ಸನ್ ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಆ ಕೇರಿಯ ಗಡಿಯನ್ನು ಎಳೆದವರು ಯಾರು, ಅದರೊಳಗೆ ಇರುವುದೆಲ್ಲ 'ಚೀನೀಯ' ಎಂದು ತೀರ್ಮಾನಿಸಿದವರು ಯಾರು, ಆ ತೀರ್ಮಾನಕ್ಕೆ ಕಾನೂನಿನ ಬಲ ಎಲ್ಲಿಂದ ಬಂತು ಎಂದು ಅವರು ಕೇಳುತ್ತಾರೆ.

ಅವರ ಸಾಕ್ಷ್ಯದ ಬಹುಭಾಗ ದೊರೆಯುವುದು ನಗರಸಭೆಯ ಕಡತಗಳಲ್ಲಿ. 1890ರ ದಶಕದಲ್ಲಿ ವ್ಯಾಂಕೂವರ್‌ನ ಆರೋಗ್ಯಾಧಿಕಾರಿಗಳು ತಮ್ಮ ತಪಾಸಣೆಯ ವಿಷಯಗಳನ್ನು ವಿಂಗಡಿಸಿಕೊಂಡಾಗ ನೀರು ಪೂರೈಕೆ, ಚರಂಡಿ, ಸಾಂಕ್ರಾಮಿಕ ರೋಗ, ಕಸಾಯಿಖಾನೆ, ಹಂದಿ ಸಾಕಣೆ ಇವುಗಳ ಸಾಲಿನಲ್ಲೇ ಚೈನಾಟೌನ್ ಅನ್ನೂ ಒಂದು ಪ್ರತ್ಯೇಕ ಶೀರ್ಷಿಕೆಯಾಗಿ ಇಟ್ಟುಕೊಂಡಿದ್ದರು. ಮನುಷ್ಯರು ಬಾಳುವ ಬೀದಿಯೊಂದು ಕಸಾಯಿಖಾನೆಯ ಪಕ್ಕದಲ್ಲಿ ಒಂದು 'ಸಮಸ್ಯೆ'ಯಾಗಿ ನಮೂದಾಯಿತು. ಹಾಗೆ ನಮೂದಾದ ಮೇಲೆ ಅಲ್ಲಿಗೆ ಹೋದ ಪ್ರತಿಯೊಬ್ಬ ಅಧಿಕಾರಿಯೂ ಹುಡುಕಬೇಕಾದದ್ದನ್ನೇ ಹುಡುಕಿ ಕಂಡುಕೊಂಡ. ಬಡತನದಿಂದಲೂ ಜೌಗು ನೆಲದಿಂದಲೂ ಉಂಟಾದ ಕೊಳಕು ಆ ಜನರ ಹುಟ್ಟುಗುಣವೆಂದು ದಾಖಲಾಯಿತು.

ಇದರ ಹಿಂದೆ ದೊಡ್ಡ ಪ್ರಭುತ್ವವೇ ನಿಂತಿತ್ತು. ಕೆನಡಿಯನ್ ಪೆಸಿಫಿಕ್ ರೈಲುಮಾರ್ಗಕ್ಕಾಗಿ 1881ರಿಂದ 1885ರವರೆಗೆ ಸುಮಾರು 15,000 ಚೀನೀ ಕೂಲಿಕಾರರನ್ನು ದುಡಿಸಿಕೊಂಡ ದೇಶ, ಹಳಿ ಹಾಕಿ ಮುಗಿದ ವರ್ಷವೇ ಚೀನೀಯರ ಪ್ರವೇಶಕ್ಕೆ 50 ಡಾಲರ್ ತಲೆಗಂದಾಯ ವಿಧಿಸಿತು. 1903ರ ಹೊತ್ತಿಗೆ ಅದು 500 ಡಾಲರ್‌ಗೆ ಏರಿತು. 1923ರಲ್ಲಿ ಬಾಗಿಲನ್ನೇ ಮುಚ್ಚಿದ ಕಾಯ್ದೆ 1947ರವರೆಗೂ ಜಾರಿಯಲ್ಲಿತ್ತು. ಆ ಅವಧಿಯಲ್ಲಿ ಒಳಬರಲು ಸಾಧ್ಯವಾದ ಚೀನೀಯರು ಐವತ್ತಕ್ಕೂ ಕಡಿಮೆ. ಮತದಾನದ ಹಕ್ಕು ಅದೇ 1947ರವರೆಗೆ ಅವರಿಗೆ ಇರಲಿಲ್ಲ. ಮತವಿಲ್ಲದವರ ಕೇರಿಯನ್ನು ನಗರಸಭೆ ಹೇಗೆ ಬೇಕಾದರೂ ವರ್ಣಿಸಬಹುದಾಗಿತ್ತು, ಏಕೆಂದರೆ ಆ ವರ್ಣನೆಗಾಗಿ ಯಾವ ಸದಸ್ಯನೂ ಚುನಾವಣೆಯಲ್ಲಿ ಬೆಲೆ ತೆರಬೇಕಿರಲಿಲ್ಲ.

ಜನಾಂಗವೆಂಬುದು ರಕ್ತದಲ್ಲಿ ಇರುವ ಸಂಗತಿಯಲ್ಲ, ಅದನ್ನು ಒಂದು ಜಾಗದ ಮೂಲಕ, ದಿನನಿತ್ಯದ ಆಡಳಿತದ ಮೂಲಕ ತಯಾರಿಸಲಾಗುತ್ತದೆ ಎಂಬುದು ಆಂಡರ್ಸನ್ ಅವರ ವಾದ. ಈ ವಾದ ನನಗೆ ಬಹುಮಟ್ಟಿಗೆ ಒಪ್ಪಿಗೆಯಾಗಿದೆ. ಒಪ್ಪದವರ ಮಾತನ್ನು ಕೇಳಲು ಕಾದಿದ್ದೇನೆ.

ಹಳೇಕಡತ:

ಪೇಟೆಬೀದಿ ಅವರೇ, ಒಪ್ಪದವರ ಪೈಕಿ ನಾನೊಬ್ಬ. ಆರೋಗ್ಯಾಧಿಕಾರಿಗಳ ಆ ಪಟ್ಟಿಯ ಮಹತ್ವವನ್ನು ಅಲ್ಲಗಳೆಯುತ್ತಿಲ್ಲ. ಆದರೆ ಇಡೀ ಕೃತಿಯನ್ನು ಓದಿ ಮುಗಿಸಿದ ಮೇಲೆ ಚೈನಾಟೌನ್‌ನ ಪೆಂಡರ್ ಬೀದಿಯಲ್ಲಿ ಬದುಕಿದ ಚೀನೀಯರು ಏನೆಂದುಕೊಂಡಿದ್ದರು ಎಂಬುದು ನಮಗೆ ಎಷ್ಟು ತಿಳಿಯುತ್ತದೆ? ಇಂಗ್ಲಿಷ್ ಕಡತಗಳನ್ನೇ ಆಧರಿಸಿದ ಇತಿಹಾಸದಲ್ಲಿ ಇಂಗ್ಲಿಷ್ ಮಾತನಾಡಿದವರೇ ಕರ್ತೃಗಳಾಗುತ್ತಾರೆ, ಉಳಿದವರು ಕರ್ಮಕಾರಕದಲ್ಲಿ ಉಳಿದುಬಿಡುತ್ತಾರೆ. ತಮ್ಮ ಗಮನವಿರುವುದು ಬಿಳಿಯರ ಕಲ್ಪನೆಯ ಮೇಲೆ ಎಂದು ಲೇಖಕಿ ಮೊದಲೇ ಹೇಳಿಕೊಂಡಿದ್ದಾರೆ, ನಿಜ. ಹಾಗೆ ಹೇಳಿಕೊಂಡ ಮಾತ್ರಕ್ಕೆ ಚಿತ್ರ ಪೂರ್ಣವಾಗುವುದಿಲ್ಲ.

ವಿಂಗ್ ಚುಂಗ್ ಇಂಗ್ ಎಂಬ ಇತಿಹಾಸಕಾರರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ನಗರದ ಚೀನೀಯರ 1945ರಿಂದ 1980ರವರೆಗಿನ ಕಥೆಯನ್ನು ಚೀನೀ ಭಾಷೆಯ ಪತ್ರಿಕೆಗಳನ್ನೂ ಸಂಘಗಳ ದಾಖಲೆಗಳನ್ನೂ ಆಧರಿಸಿ ಹೇಳುತ್ತದೆ. ಅಲ್ಲಿ ಕಾಣುವುದು ಒಂದೇ ಅಚ್ಚಿನ ಸಮುದಾಯವಲ್ಲ. ಹಳೆಯ ತಲೆಮಾರಿನ ವಲಸಿಗರು, ಯುದ್ಧಾನಂತರ ಬಂದವರು, ಕೆನಡಾದಲ್ಲೇ ಹುಟ್ಟಿದವರು, ಈ ಮೂವರೂ 'ಚೀನೀಯ'ನಾಗಿರುವುದೆಂದರೆ ಏನು ಎಂಬುದರ ಬಗ್ಗೆ ತಮ್ಮತಮ್ಮಲ್ಲೇ ಜಗಳವಾಡಿದರು. ಕುಲಸಂಘಗಳು, ಜಿಲ್ಲಾ ಸಂಘಗಳು, ರಾಜಕೀಯ ಪಕ್ಷಗಳು ಮುಖಂಡತ್ವಕ್ಕಾಗಿ ಸೆಣಸಿದವು. ಈ ಗದ್ದಲವೆಲ್ಲ ನಗರಸಭೆ ಬರೆದ ಕಥೆಯಲ್ಲಿ ಇಲ್ಲ.

ಕಟ್ಟಡಗಳನ್ನೇ ನೋಡಿ. ರೈಲ್ವೆಗೆ ಕೂಲಿಕಾರರನ್ನು ಒದಗಿಸುತ್ತಿದ್ದ ಯಿಪ್ ಸಾಂಗ್ ಎಂಬ ವರ್ತಕ 1889ರಲ್ಲಿ ಕಟ್ಟಿಸಿದ ವಿಂಗ್ ಸಾಂಗ್ ಕಟ್ಟಡ ಇಂದಿಗೂ ನಿಂತಿದೆ. ನಗರಸಭೆ 1912ರಲ್ಲಿ ಬೀದಿ ಅಗಲಿಸಲು ಸ್ಯಾಮ್ ಕೀ ಕಂಪನಿಯ ನಿವೇಶನದ ಹೆಚ್ಚಿನ ಭಾಗವನ್ನು ಕಿತ್ತುಕೊಂಡಾಗ, ಉಳಿದ ಪಟ್ಟಿಯಷ್ಟೇ ಜಾಗದಲ್ಲಿ ಆ ಕಂಪನಿಯವರು 1913ರಲ್ಲಿ ಸುಮಾರು ಒಂದೂವರೆ ಮೀಟರ್ ಆಳದ ಕಟ್ಟಡವನ್ನು ಎಬ್ಬಿಸಿ, ಪಾದಚಾರಿ ಮಾರ್ಗದ ಅಡಿಯಲ್ಲಿ ಸ್ನಾನಗೃಹಗಳನ್ನು ನಡೆಸಿದರು. ಇಂಥವರನ್ನು ಬೇರೆಯವರ ಕಲ್ಪನೆಯ ಪಾತ್ರಗಳೆಂದು ಬಿಟ್ಟುಬಿಡುವುದು ಹೇಗೆ?

ಮೆಟ್ಟಿಲು:

ನನ್ನದೊಂದು ಚಿಕ್ಕ ಪ್ರಶ್ನೆ. ಇದನ್ನೆಲ್ಲ ಕೂಲಿಯ ಪೈಪೋಟಿಯೆಂದು ನೇರವಾಗಿ ವಿವರಿಸಬಹುದಲ್ಲವೆ? ಕಡಿಮೆ ಕೂಲಿಗೆ ದುಡಿಯುವವರು ಬಂದರು, ಬಿಳಿಯ ಕೆಲಸಗಾರರು ಸಿಟ್ಟಾದರು, ಮತದ ಆಸೆಗೆ ರಾಜಕಾರಣಿಗಳು ಆ ಸಿಟ್ಟನ್ನು ಕಾಯ್ದೆಯಾಗಿಸಿದರು. ಕಲ್ಪನೆ, ವರ್ಗೀಕರಣ ಎಂಬ ದೊಡ್ಡ ಮಾತುಗಳ ಅಗತ್ಯ ಎಲ್ಲಿದೆ?

ಪೇಟೆಬೀದಿ:

ಮೆಟ್ಟಿಲು ಅವರೇ, ಕೂಲಿಯ ಪೈಪೋಟಿ ಇತ್ತು. 1887ರ ಫೆಬ್ರವರಿಯಲ್ಲಿ ಕಾಡು ಕಡಿಯಲು ಬಂದಿದ್ದ ಚೀನೀಯರ ಬಿಡಾರದ ಮೇಲೆ ಗುಂಪು ದಾಳಿ ಮಾಡಿದ್ದಕ್ಕೂ, 1907ರ ಸೆಪ್ಟೆಂಬರ್‌ನಲ್ಲಿ ಏಷ್ಯನ್ನರ ವಿರುದ್ಧದ ಸಂಘವೊಂದರ ಮೆರವಣಿಗೆ ಗಲಭೆಯಾಗಿ ಚೈನಾಟೌನ್‌ನ ಕಿಟಕಿಗಳನ್ನು ಪುಡಿಮಾಡಿದ್ದಕ್ಕೂ ಅದು ಒಂದು ಕಾರಣ. ಆದರೆ 1937ರ ಒಂದು ಪ್ರಕರಣವನ್ನು ನೀವು ಕೂಲಿಯ ಲೆಕ್ಕದಿಂದ ವಿವರಿಸಿ ನೋಡಿ. ಚೈನಾಟೌನ್‌ನ ಹೋಟೆಲುಗಳಲ್ಲಿ ಬಿಳಿಯ ಹೆಂಗಸರು ಊಟ ಬಡಿಸುವ ಕೆಲಸ ಮಾಡಬಾರದೆಂದು ಪೊಲೀಸ್ ಮುಖ್ಯಸ್ಥರು ಪಟ್ಟು ಹಿಡಿದರು. ಮಾತು ಕೇಳದ ಹೋಟೆಲುಗಳ ಪರವಾನಗಿಯನ್ನು ನಗರಸಭೆ ರದ್ದು ಮಾಡಿತು. ಕೆಲಸ ಕಳೆದುಕೊಂಡವರು ಬಿಳಿಯ ಕಾರ್ಮಿಕರೇ. ತಮಗೆ ಯಾರ ರಕ್ಷಣೆಯೂ ಬೇಕಿಲ್ಲ, ಕೆಲಸ ಬೇಕು ಎಂದು ಆ ಹೆಂಗಸರು ನಗರಸಭೆಗೆ ಮೆರವಣಿಗೆ ಹೋದರು, ಯಾರೂ ಕಿವಿಗೊಡಲಿಲ್ಲ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಬಿಳಿಯರ ಉದ್ಯೋಗವನ್ನೇ ಕಿತ್ತುಕೊಳ್ಳುವಷ್ಟು ಬಲ ಆ 'ಕಲ್ಪನೆ'ಗೆ ಇತ್ತು.

ಇದಕ್ಕೆ ಒಂದು ವರ್ಷ ಮೊದಲು, 1936ರಲ್ಲಿ, ಅದೇ ನಗರಸಭೆ ತನ್ನ ಸುವರ್ಣ ಮಹೋತ್ಸವವನ್ನು ಆಚರಿಸುವಾಗ ಚೈನಾಟೌನ್‌ನಲ್ಲಿ 'ಚೀನೀ ಗ್ರಾಮ'ವೊಂದನ್ನು ಪ್ರವಾಸಿಗರಿಗಾಗಿ ತೆರೆಯಲಾಗಿತ್ತು. ಒಂದೇ ಬೀದಿ ಒಂದು ವರ್ಷ ಕಣ್ಣಿಗೆ ಹಬ್ಬ, ಮರುವರ್ಷ ಹೆಂಗಸರಿಗೆ ಅಪಾಯ. ಎರಡಕ್ಕೂ ಬೇಕಾದ ಬಂಡವಾಳ ಒಂದೇ, ಅಂದರೆ ಆ ಬೀದಿಯವರು ನಮ್ಮಂಥವರಲ್ಲ ಎಂಬ ನಂಬಿಕೆ. ಆಂಡರ್ಸನ್ ಅವರ ವಾದದಲ್ಲಿ ನನಗೆ ಅತ್ಯಂತ ಬೆಲೆಬಾಳುವ ಭಾಗ ಇದು. ಹಳಿಯುವುದನ್ನೂ ಹೊಗಳುವುದನ್ನೂ ಅವರು ಒಂದೇ ದಾರದಲ್ಲಿ ಪೋಣಿಸುತ್ತಾರೆ.

ಹಳೇಕಡತ ಅವರ ಆಕ್ಷೇಪಕ್ಕೆ ಬರುತ್ತೇನೆ. ಅದರಲ್ಲಿ ತೂಕವಿದೆ, ಮತ್ತು ಆಂಡರ್ಸನ್ ಅವರೇ 1996ರ ಒಂದು ಪ್ರಬಂಧದಲ್ಲಿ ತಮ್ಮ ಹಳೆಯ ಕೆಲಸಕ್ಕೆ ಮರಳಿ, ಬಿಳಿಯರು ಒಂದು ಕಡೆ ಚೀನೀಯರು ಇನ್ನೊಂದು ಕಡೆ ಎಂಬ ಎರಡು ಹೋಳಿನ ಚಿತ್ರ ಸಾಲದೆಂದು, ಹೆಣ್ಣು ಗಂಡಿನ ಭೇದವನ್ನೂ ಸೇರಿಸಿ ಮರುಪರಿಶೀಲಿಸಿದರು. ಆದರೆ ಸ್ಯಾಮ್ ಕೀ ಕಟ್ಟಡದ ಉದಾಹರಣೆ ನಿಮ್ಮ ವಾದಕ್ಕಿಂತ ಹೆಚ್ಚಾಗಿ ಅವರ ವಾದಕ್ಕೇ ಒದಗುತ್ತದೆ ಎಂದು ನನಗೆ ತೋರುತ್ತದೆ. ಆ ಕಟ್ಟಡದ ಛಲ ಚೀನೀ ವರ್ತಕರದು, ಒಪ್ಪೋಣ. ಅದರ ಅಳತೆಯನ್ನು ನಿರ್ಧರಿಸಿದ್ದು ಮಾತ್ರ ನಗರಸಭೆ.

ಫ್ರೇಸರ್‌ದಂಡೆ:

ನಾನು ವ್ಯಾಂಕೂವರ್ ಪಕ್ಕದ ಸರ್ರೆಯಲ್ಲಿ ನೆಲೆಸಿರುವ ಕನ್ನಡಿಗ. ಇಲ್ಲಿಯವರೆಗಿನ ಮಾತುಕತೆ 1930ರ ದಶಕದಲ್ಲೇ ನಿಂತಿದೆ; ಯುದ್ಧದ ನಂತರದ ಭಾಗವನ್ನು ಸೇರಿಸದಿದ್ದರೆ ಇಬ್ಬರ ವಾದವೂ ಅರೆಬರೆಯಾಗುತ್ತದೆ.

1950ರ ದಶಕದ ಕೊನೆಯಲ್ಲಿ ನಗರ ಯೋಜಕರು ಚೈನಾಟೌನ್‌ಗೆ ಅಂಟಿಕೊಂಡಿರುವ ಸ್ಟ್ರಾತ್‌ಕೋನಾ ಬಡಾವಣೆಯನ್ನು ಕೊಳೆಗೇರಿಯೆಂದು ಘೋಷಿಸಿ ಕೆಡವತೊಡಗಿದರು. ಕೆಡವಿದ್ದು ಚೀನೀ ಕುಟುಂಬಗಳ ಸ್ವಂತ ಮನೆಗಳನ್ನು. ತಲೆಗಂದಾಯ ತೆತ್ತು, ದಶಕಗಟ್ಟಲೆ ಹೆಂಡತಿ ಮಕ್ಕಳನ್ನು ಬಿಟ್ಟು ಬಾಳಿ, 1947ರ ನಂತರ ಅವರನ್ನು ಕರೆಸಿಕೊಂಡು ಮನೆ ಕೊಂಡವರ ಪಾಡು ಅದು. 1967ರಲ್ಲಿ ಚೈನಾಟೌನ್ ಮೂಲಕವೇ ಹೆದ್ದಾರಿ ಹಾಯಿಸುವ ಯೋಜನೆ ಹೊರಬಂದಾಗ ದೊಡ್ಡ ಪ್ರತಿಭಟನೆ ಎದ್ದಿತು. 1968ರಲ್ಲಿ ಸ್ಟ್ರಾತ್‌ಕೋನಾದ ಮನೆ ಮಾಲೀಕರೂ ಬಾಡಿಗೆದಾರರೂ ಸೇರಿ ಸಂಘ ಕಟ್ಟಿದರು. ಆ ಸಂಘದಲ್ಲಿ ಚೀನೀ ಹೆಂಗಸರು ಬೀದಿ ಬೀದಿಗೆ ಪ್ರತಿನಿಧಿಗಳಾಗಿ ಕೆಲಸ ಮಾಡಿದರು. ಬಿಳಿಯ ವಕೀಲರೂ ವಿದ್ಯಾರ್ಥಿಗಳೂ ಜೊತೆಗೂಡಿದರು. ಮರುವರ್ಷ ಕೇಂದ್ರ ಸರ್ಕಾರ ಕೆಡವುವ ಕಾರ್ಯಕ್ರಮಕ್ಕೆ ಹಣ ನಿಲ್ಲಿಸಿತು. ಹೆದ್ದಾರಿ ಬರಲಿಲ್ಲ. ಆದರೆ ಅದರ ಒಂದು ತುಂಡಾಗಿದ್ದ ಜಾರ್ಜಿಯಾ ಮೇಲ್ಸೇತುವೆ 1972ರಲ್ಲಿ ಎದ್ದು, ಹೋಗನ್ಸ್ ಆಲಿ ಎಂಬ ಕರಿಯರ ಕೇರಿಯನ್ನು ಬಹುಪಾಲು ಅಳಿಸಿಹಾಕಿತು. ಚೀನೀಯರು ಉಳಿಸಿಕೊಂಡದ್ದನ್ನು ಅವರ ನೆರೆಯವರಿಗೆ ಉಳಿಸಿಕೊಳ್ಳಲಾಗಲಿಲ್ಲ ಎಂಬ ಸಂಗತಿಯನ್ನು ಇಲ್ಲಿನ ಸಂಭ್ರಮದ ಕಥನಗಳು ಬಹಳ ಕಾಲ ಮರೆತಿದ್ದವು.

1971ರಲ್ಲಿ ಪ್ರಾಂತೀಯ ಸರ್ಕಾರ ಚೈನಾಟೌನ್ ಅನ್ನು ಐತಿಹಾಸಿಕ ಪ್ರದೇಶವೆಂದು ಘೋಷಿಸಿತು. ಇನ್ನೂ ಹತ್ತು ವರ್ಷಗಳಷ್ಟು ಹಿಂದೆ ಕೊಳೆಗೇರಿಯ ಪಟ್ಟಿಯಲ್ಲಿ ಇದ್ದದ್ದು ಈಗ ಪರಂಪರೆ. ಬಹುಸಂಸ್ಕೃತಿಯ ಹೆಸರಿನ ಈ ಗೌರವವೂ ಚೀನೀಯರನ್ನು ಬೇರೆಯವರಾಗಿಯೇ ಉಳಿಸಿತು ಎಂದು ಆಂಡರ್ಸನ್ ಹೇಳುವಾಗ ನಾನು ಹಿಂಜರಿಯುತ್ತೇನೆ. ಮನೆ ಕೆಡವುವ ಆದೇಶವನ್ನೂ ಮನೆ ಉಳಿಸುವ ಆದೇಶವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಆ ಮನೆಯಲ್ಲಿ ಇದ್ದವರಿಗೆ ಸಲ್ಲುವ ನ್ಯಾಯವಲ್ಲ.

ನಮ್ಮ ದೇಶದವರ ನಂಟನ್ನೂ ಹೇಳಬೇಕು. 1907ರಲ್ಲಿ ಈ ಪ್ರಾಂತ್ಯದಲ್ಲಿ ಭಾರತೀಯರ ಮತದಾನದ ಹಕ್ಕನ್ನೂ ಕಿತ್ತುಕೊಳ್ಳಲಾಯಿತು. ಬ್ರಿಟಿಷ್ ಪ್ರಜೆಗಳ ಮೇಲೆ ತಲೆಗಂದಾಯ ಹಾಕುವುದು ಮುಜುಗರದ ಸಂಗತಿಯಾದ್ದರಿಂದ, ಹುಟ್ಟಿದ ದೇಶದಿಂದ ಎಲ್ಲಿಯೂ ನಿಲ್ಲದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಎಂಬ ನಿಯಮವನ್ನು 1908ರಲ್ಲಿ ತಂದರು. ಅದನ್ನು ಪ್ರಶ್ನಿಸಿ 1914ರಲ್ಲಿ ಬಂದ ಕೊಮಗಾಟ ಮಾರು ಹಡಗಿನ 376 ಪ್ರಯಾಣಿಕರಲ್ಲಿ ಕೆಲವರನ್ನು ಬಿಟ್ಟು ಉಳಿದವರನ್ನು ಇದೇ ಬಂದರಿನಿಂದ ಹಿಂದಕ್ಕೆ ಅಟ್ಟಿದರು.

ಹೂಗ್ಲಿಯಾಚೆ:

ಫ್ರೇಸರ್‌ದಂಡೆ ಅವರು ಕೊಮಗಾಟ ಮಾರುವನ್ನು ನೆನೆದದ್ದರಿಂದ ಈ ಮಾತು. ಆ ಹಡಗು ಮರಳಿ ಬಂದು ತಂಗಿದ್ದು ಕೋಲ್ಕತ್ತದ ಬಳಿಯ ಬಜ್‌ಬಜ್‌ನಲ್ಲಿ. ಅಲ್ಲಿ ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಆ ಬಜ್‌ಬಜ್‌ಗೆ ಹತ್ತಿರದಲ್ಲೇ ಅಚಿಪುರವಿದೆ. ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ ಜಮೀನು ಪಡೆದು ಸಕ್ಕರೆ ಕಾರ್ಖಾನೆ ಹಾಕಿದ ಟಾಂಗ್ ಅಚ್ಯೂ ಎಂಬ ಚೀನೀಯನ ಹೆಸರನ್ನೇ ಆ ಊರು ಹೊತ್ತಿದೆ.

ನೌಕರಿಯ ನಿಮಿತ್ತ ಬಹಳ ವರ್ಷ ಕೋಲ್ಕತ್ತದಲ್ಲಿ ಇದ್ದವನಾದ್ದರಿಂದ, ಆಂಡರ್ಸನ್ ಅವರ ಸಿದ್ಧಾಂತ ಅಲ್ಲಿಗೆ ಎಷ್ಟರಮಟ್ಟಿಗೆ ಒಗ್ಗುತ್ತದೆ ಎಂದು ಯೋಚಿಸಿದ್ದೇನೆ. ಅಲ್ಲಿ ಚೀನೀಯರ ಎರಡು ನೆಲೆಗಳಿವೆ. ಹಳೆಯದು ನಗರದ ನಡುವಿನ ಟಿರೆಟ್ಟಾ ಬಜಾರ್, ಇನ್ನೊಂದು ಪೂರ್ವದ ಅಂಚಿನ ಟ್ಯಾಂಗ್ರಾ. ಕ್ಯಾಂಟನ್ ಕಡೆಯವರು ಬಡಗಿಗಳು, ಹುಬೇ ಪ್ರಾಂತ್ಯದವರು ದಂತವೈದ್ಯರು, ಹಕ್ಕಾ ಜನ ಚಪ್ಪಲಿ ಬೂಟು ಮಾಡುವವರು ಮತ್ತು ತೊಗಲು ಹದ ಮಾಡುವವರು ಎಂದು ಕಸುಬುಗಳು ಹಂಚಿಹೋಗಿದ್ದವು. ಟ್ಯಾಂಗ್ರಾದ ಹಕ್ಕಾಗಳ ಬಗ್ಗೆ ಎಲೆನ್ ಆಕ್ಸ್‌ಫೆಲ್ಡ್ ಎಂಬ ಮಾನವಶಾಸ್ತ್ರಜ್ಞೆ 1980ರ ದಶಕದಲ್ಲಿ ಅಲ್ಲೇ ಉಳಿದು ಅಧ್ಯಯನ ಮಾಡಿದ್ದಾರೆ. ಅವರು ಮುಂದಿಡುವ ಸಂಗತಿ ನಮ್ಮ ಓದುಗರಿಗೆ ಹೆಚ್ಚು ವಿವರಣೆ ಬೇಡುವಂಥದ್ದಲ್ಲ. ತೊಗಲಿನ ಕೆಲಸವನ್ನು ಮೇಲುಜಾತಿಯವರು ಮುಟ್ಟುತ್ತಿರಲಿಲ್ಲ. ಬಂಡವಾಳವಿದ್ದವರು ಹಿಂಜರಿದ ಆ ಉದ್ಯಮಕ್ಕೆ, ಮೈಲಿಗೆಯ ಲೆಕ್ಕಾಚಾರದ ಹೊರಗಿದ್ದ ಚೀನೀಯರು ಬಂಡವಾಳ ಹೂಡಿ ಬೆಳೆದರು. ಹಕ್ಕಾ ಮಾಲೀಕರ ಕಾರ್ಖಾನೆಗಳಲ್ಲಿ ಹಸಿ ತೊಗಲನ್ನು ಮುಟ್ಟಿ ದುಡಿದವರು ಬಹುಪಾಲು ಬಿಹಾರದಿಂದ ಬಂದ ದಲಿತರು.

ಅಂದರೆ ಇಲ್ಲಿ ಗಡಿ ಎಳೆಯಲು ಯಾವ ಆರೋಗ್ಯಾಧಿಕಾರಿಯ ಪಟ್ಟಿಯೂ ಬೇಕಾಗಲಿಲ್ಲ. ಊರಿಗೊಂದು ಕೇರಿ, ಕೇರಿಗೊಂದು ಕಸುಬು ಎಂಬ ವ್ಯವಸ್ಥೆ ಮೊದಲೇ ಸಿದ್ಧವಾಗಿತ್ತು, ಹೊಸಬರು ಅದರಲ್ಲಿ ಖಾಲಿಯಿದ್ದ ಜಾಗಕ್ಕೆ ಬಂದು ಕೂತರು. ಜನಾಂಗದ ಕಲ್ಪನೆಯೊಂದರಿಂದಲೇ ಎಲ್ಲ ಚೈನಾಟೌನ್‌ಗಳನ್ನೂ ಅರ್ಥ ಮಾಡಿಕೊಳ್ಳಲು ಹೊರಟರೆ ಟ್ಯಾಂಗ್ರಾ ಕೈಗೆ ಸಿಗುವುದಿಲ್ಲ.

ಪೇಟೆಬೀದಿ:

ಹೂಗ್ಲಿಯಾಚೆ ಅವರ ಮಾತು ಬಹಳ ಮುಖ್ಯವಾದದ್ದು. ಆದರೂ 1962ನ್ನು ಬಿಟ್ಟು ಕೋಲ್ಕತ್ತದ ಕಥೆ ಪೂರ್ಣವಾಗದು. ಭಾರತ-ಚೀನಾ ಯುದ್ಧದ ಸಮಯದಲ್ಲಿ ಅಸ್ಸಾಂ ಮತ್ತು ಬಂಗಾಳದ ಕಡೆಯಿಂದ ಸುಮಾರು 3,000 ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿ ಶಿಬಿರಕ್ಕೆ ಒಯ್ದು ಕೂಡಿಹಾಕಲಾಯಿತು; ಕೆಲವರು ಅಲ್ಲಿ ವರ್ಷಗಟ್ಟಲೆ ಉಳಿದರು. ಅವರಲ್ಲಿ ಭಾರತದಲ್ಲೇ ಹುಟ್ಟಿದವರಿದ್ದರು, ಭಾರತೀಯ ಹೆಂಗಸರನ್ನು ಮದುವೆಯಾದವರಿದ್ದರು. ಬಡಗಿ, ದಂತವೈದ್ಯ, ಹದಗಾರ ಎಂಬ ಭೇದಗಳೆಲ್ಲ ಅಳಿಸಿಹೋಗಿ ಎಲ್ಲರೂ ಒಂದೇ ಪಟ್ಟಿಯಲ್ಲಿ 'ಚೀನೀಯ'ರಾದದ್ದು ಸರ್ಕಾರದ ಆದೇಶದಿಂದ. ಜಾತಿ ಕೊಟ್ಟ ಜಾಗವನ್ನು ಪ್ರಭುತ್ವ ಒಂದೇ ವರ್ಷದಲ್ಲಿ ಅಲುಗಾಡಿಸಿಬಿಟ್ಟಿತು.

ಹೂಗ್ಲಿಯಾಚೆ:

ಒಪ್ಪುತ್ತೇನೆ. 1996ರಲ್ಲಿ ಸುಪ್ರೀಂ ಕೋರ್ಟ್ ಮಾಲಿನ್ಯದ ಕಾರಣಕ್ಕೆ ತೊಗಲಿನ ಕಾರ್ಖಾನೆಗಳನ್ನು ನಗರದ ಹೊರಗಿನ ಬಂತಲಾಕ್ಕೆ ಸಾಗಿಸಲು ಆದೇಶಿಸಿದ ಮೇಲೆ ಟ್ಯಾಂಗ್ರಾದ ಮೂಲ ಕಸುಬೇ ಹೋಯಿತು; ಉಳಿದದ್ದು ಊಟದ ಹೋಟೆಲುಗಳು. ಹಕ್ಕಾ ಕುಟುಂಬಗಳಲ್ಲಿ ಅನೇಕರು ಅದಾಗಲೇ ಟೊರೊಂಟೊಗೆ ಹೋಗಿದ್ದರು, ಆಮೇಲೆ ಇನ್ನಷ್ಟು ಜನ ಹೋದರು. ಅಲ್ಲಿ ಅವರು ನಡೆಸುವ ಹೋಟೆಲುಗಳಿಗೆ ಮೆಣಸಿನಕಾಯಿ ಹಾಕಿದ ಭಾರತದ ಚೀನೀ ಊಟವನ್ನು ಹುಡುಕಿಕೊಂಡು ಹೋಗುವವರಲ್ಲಿ ನಮ್ಮವರೂ ಇದ್ದಾರೆ. ಈ ಜನರನ್ನು ಯಾವ ದೇಶದ ವಲಸಿಗರೆಂದು ಕರೆಯಬೇಕೆಂಬುದನ್ನು ಕೆನಡಾದ ಜನಗಣತಿಯ ನಮೂನೆಗೆ ಕೇಳಬೇಕು.

ಮೆಟ್ಟಿಲು:

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಇನ್ನೊಂದು ಕೇಳುತ್ತೇನೆ. 1991ರ ನಂತರ ಚೀನಾ ದೇಶದ ಸ್ಥಿತಿಯೇ ಬದಲಾಗಿದೆ. ಬಡ ಕೂಲಿಕಾರರ ಕಾಲದಲ್ಲಿ ಹುಟ್ಟಿದ ಈ ವಾದ ಹಣವಂತ ವಲಸಿಗರ ಕಾಲದಲ್ಲೂ ನಿಲ್ಲುತ್ತದೆಯೆ?

ಪೇಟೆಬೀದಿ:

ಆಂಡರ್ಸನ್ ಅವರು ಇದೇ ಪ್ರಶ್ನೆಯನ್ನು ಎತ್ತಿಕೊಂಡು ನಾಲ್ವರು ಸಹೋದ್ಯೋಗಿಗಳ ಜೊತೆ ಸಿಡ್ನಿಯ ಚೈನಾಟೌನ್ ಬಗ್ಗೆ 2019ರಲ್ಲಿ ಮತ್ತೊಂದು ಕೃತಿ ತಂದರು. 1980ರ ಸುಮಾರಿಗೆ ಸಿಡ್ನಿಯ ಡಿಕ್ಸನ್ ಬೀದಿಗೆ ಕಮಾನುಗಳನ್ನು ಕಟ್ಟಿ ಪ್ರವಾಸಿಗರಿಗೆ ಸಜ್ಜುಗೊಳಿಸಿದಾಗ ಅವರು ಅದನ್ನು ಹಳೆಯ ಕಲ್ಪನೆಯ ಮುಂದುವರಿಕೆಯೆಂದೇ 1990ರಲ್ಲಿ ಟೀಕಿಸಿದ್ದರು. ಹೊಸ ಕೃತಿಯಲ್ಲಿ ದನಿ ಬೇರೆಯಾಗಿದೆ. ಬಿಳಿಯ ಬಹುಸಂಖ್ಯಾತರು ನೋಡುತ್ತಾರೆ, ಚೀನೀ ಅಲ್ಪಸಂಖ್ಯಾತರು ನೋಡಿಸಿಕೊಳ್ಳುತ್ತಾರೆ ಎಂಬ ಚೌಕಟ್ಟು ಇಂದಿನ ಸಿಡ್ನಿಗೆ ಸಾಲದೆಂದು ಲೇಖಕರು ಹೇಳುತ್ತಾರೆ. ಥಾಯ್, ಕೊರಿಯಾ, ಇಂಡೊನೇಷ್ಯಾ ಮೂಲದ ಅಂಗಡಿಗಳು, ಅಲ್ಲಿ ಓದಲು ಬರುವ ಏಷ್ಯಾದ ವಿದ್ಯಾರ್ಥಿಗಳು, ಗಡಿ ದಾಟಿ ಹರಿಯುವ ಬಂಡವಾಳ, ಇವೆಲ್ಲ ಸೇರಿ ಆ ಪ್ರದೇಶದ ಗೆರೆಗಳು ಮಸುಕಾಗಿವೆ. ಮೂವತ್ತು ವರ್ಷಗಳ ಅಂತರದಲ್ಲಿ ಒಬ್ಬ ವಿದ್ವಾಂಸೆ ತಮ್ಮದೇ ಪ್ರಸಿದ್ಧ ವಾದದ ಮಿತಿಯನ್ನು ಹೊಸ ಕ್ಷೇತ್ರಕಾರ್ಯದಿಂದ ಅಳೆದು ನೋಡಿದ್ದು ನನಗೆ ಮೆಚ್ಚುಗೆಯಾದ ಸಂಗತಿ.

ಫ್ರೇಸರ್‌ದಂಡೆ:

ವ್ಯಾಂಕೂವರ್‌ನಲ್ಲೂ ಹೀಗೆಯೇ ಆಗಿದೆ, ಆದರೆ ಸುಖವಾಗಿ ಅಲ್ಲ. ಹಾಂಗ್‌ಕಾಂಗ್ 1997ರಲ್ಲಿ ಚೀನಾಕ್ಕೆ ಮರಳಲಿದೆಯೆಂಬ ಆತಂಕದಿಂದ ಹೊರಟ ಅನುಕೂಲಸ್ಥರು ಹಳೆಯ ಚೈನಾಟೌನ್‌ಗೆ ಬರಲಿಲ್ಲ, ದಕ್ಷಿಣದ ರಿಚ್‌ಮಂಡ್‌ಗೆ ಹೋದರು; ಇಂದು ಆ ಊರಿನ ಅರ್ಧಕ್ಕಿಂತ ಹೆಚ್ಚು ಜನ ಚೀನೀ ಮೂಲದವರು. ಆಂಡರ್ಸನ್ ಅವರಿಗೆ ವ್ಯಾಂಕೂವರ್‌ನಲ್ಲಿ ಗುರುಗಳಾಗಿದ್ದ ಡೇವಿಡ್ ಲೇ ಅವರು ಈ ಶ್ರೀಮಂತ ವಲಸಿಗರ ಬಗ್ಗೆ 2010ರಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ಮನೆಗಳ ಬೆಲೆ ಏರಿದ ಸಿಟ್ಟು ಇವರ ಮೇಲೆ ತಿರುಗಿದಾಗ, 'ಚೀನೀಯ' ಎಂಬ ಹಳೆಯ ವರ್ಗ ಕೂಲಿಕಾರನನ್ನು ಬಿಟ್ಟು ಬಂಗಲೆ ಕೊಳ್ಳುವವನ ಹೆಗಲೇರಿದ್ದನ್ನು ನಾವು ಇಲ್ಲಿ ಕಣ್ಣಾರೆ ಕಂಡೆವು. ಮೆಟ್ಟಿಲು ಅವರಿಗೆ ನನ್ನ ಉತ್ತರ ಅದೇ: ವಲಸಿಗ ಬದಲಾದ, ವರ್ಗೀಕರಣ ಉಳಿಯಿತು.

ಹಳೆಯ ಚೈನಾಟೌನ್‌ನಲ್ಲಿ ಉಳಿದವರು ಮುದುಕರು, ಬಡವರು. ಅಲ್ಲಿನ ಕೀಫರ್ ಬೀದಿಯ 105ನೇ ನಿವೇಶನದಲ್ಲಿ ಬಹುಮಹಡಿ ಕಟ್ಟಡ ಕಟ್ಟುವ ಪ್ರಸ್ತಾವವನ್ನು ಅವರೂ ಅವರ ಮೊಮ್ಮಕ್ಕಳ ವಯಸ್ಸಿನ ಕಾರ್ಯಕರ್ತರೂ ಸೇರಿ ವಿರೋಧಿಸಿದರು; ನಗರಸಭೆ 2017ರಲ್ಲಿ ಅದನ್ನು ತಳ್ಳಿಹಾಕಿತು. ನ್ಯಾಯಾಲಯದ ಸುತ್ತು ಮುಗಿದು 2023ರಲ್ಲಿ ಅದೇ ಜಾಗದ ಕಟ್ಟಡಕ್ಕೆ ಒಪ್ಪಿಗೆಯೂ ಸಿಕ್ಕಿತು. ಸೋತರೂ ಅವರು ಕೇಳಿದ್ದು ಗಡಿಯನ್ನು ಅಳಿಸಿ ಎಂದಲ್ಲ, ಗಡಿಯನ್ನು ಉಳಿಸಿ ಎಂದು. ನಗರಸಭೆ ಎಳೆದ ಗೆರೆಯನ್ನು ಅವರು ನಗರಸಭೆಯ ಎದುರಿಗೇ ತಮ್ಮ ಹಕ್ಕಾಗಿ ಹಿಡಿದು ನಿಂತರು.

ಹಳೇಕಡತ:

ಇದು ನನ್ನ ಮೊದಲ ಆಕ್ಷೇಪಕ್ಕೆ ಸಿಕ್ಕ ಒಳ್ಳೆಯ ಬೆಂಬಲ. ಒಂದನ್ನು ಮಾತ್ರ ಸೇರಿಸುತ್ತೇನೆ. ಕೀಫರ್ ಬೀದಿಯ ಆ ವಿಚಾರಣೆಗಳಲ್ಲಿ ವೃದ್ಧರು ಕ್ಯಾಂಟನೀಸ್ ಭಾಷೆಯಲ್ಲಿ ಮಾತನಾಡಿದರು, ದುಭಾಷಿಗಳು ಅದನ್ನು ಸಭೆಗೆ ತಿಳಿಸಿದರು. 1890ರ ದಶಕದ ನಗರಸಭೆಯ ಕಾಗದಪತ್ರಗಳಲ್ಲಿ ಆಂಡರ್ಸನ್ ಅವರಿಗೆ ಕೇಳಿಸದ ದನಿ ಇಂದಿನ ಕಾಗದಪತ್ರಗಳಲ್ಲಿ ದಾಖಲಾಗುತ್ತಿದೆ. ಮುಂದೆ ಯಾರಾದರೂ ಅವರ ವಿಧಾನದಲ್ಲೇ, ಅದೇ ನಗರಸಭೆಯ ಕಡತಗಳನ್ನೇ ಓದಿದರೂ ಅವರಿಗೆ ದೊರೆಯುವ ಉತ್ತರ ಬೇರೆಯಾಗಿರುತ್ತದೆ. ಆ ವಿಧಾನದ ಬಗ್ಗೆ ನನಗಿದ್ದ ತಕರಾರು ಅಷ್ಟರಮಟ್ಟಿಗೆ ಕಡಿಮೆಯಾಗಿದೆ.